ಬಿಡಲೊಲ್ಲದ ಬ್ರೇಕು

(ಬಾನುಲಿ ಭಾಷಣ)

ಮೂವತ್ತು ವರ್ಷಗಳಿಗೂ ಮಿಕ್ಕು ಕನ್ನಡ ಪಾಠ ಹೇಳಿಕೊಂಡಿದ್ದವನೊಬ್ಬ ಬಾನುಲಿಯ ಮುಂದೆ ಕುಳಿತು ಹಳೆಯ ಮೋಟಾರಿನ ಬ್ರೇಕನ್ನು ಕುರಿತು ಮಾತನಾಡುತ್ತೇನೆಂದರೆ, ಕೇಳುವವರಿಗೆ ತುಸು ಗಾಬರಿಯಾಗುವುದು ಸಹಜ. ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಹೇಳಿ ಎಂದಿದ್ದರೆ ನನಗೂ ಸುಲಭವಾಗುತ್ತಿತ್ತು. ಆದರೆ ನಿವೃತ್ತನಾದ ಮೇಲೆ ನಾನು ಕಲಿತ ದೊಡ್ಡ ಪಾಠವೊಂದು ಯಾವ ಗ್ರಂಥದಿಂದಲೂ ಬರಲಿಲ್ಲ. ನಮ್ಮ ಅಜ್ಜನ ಕಾಲದ ಫೋರ್ಡ್ ಕಾರೊಂದರ ಮುಂಚಕ್ರದಿಂದ ಬಂದಿತು. ಅದನ್ನು ಹೇಳಿಕೊಳ್ಳದಿದ್ದರೆ ಒಬ್ಬರಿಗೆ ಅನ್ಯಾಯವಾಗುತ್ತದೆ. ಆ ಒಬ್ಬರು ಯಾರೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತಿನ ವಿಚಾರ. ಮೇಷ್ಟರ ಚಾಳಿ, ಕ್ಷಮಿಸಬೇಕು. 'ಬ್ರೇಕು' ಎಂಬ ಶಬ್ದಕ್ಕೆ ಕನ್ನಡದಲ್ಲಿ 'ತಡೆ' ಎಂದವರುಂಟು, 'ಗತಿರೋಧಕ' ಎಂದವರುಂಟು, 'ಬಿರಿ' ಎಂದು ಬರೆದವರೂ ಉಂಟು. ಈ ಕೊನೆಯ ಶಬ್ದವನ್ನು ಕಂಡಾಗಲೆಲ್ಲ ನಾನು ನಗುತ್ತಿದ್ದೆ. ಬಿರಿ ಎಂದರೆ ಮೊಗ್ಗು ಅರಳುವುದು, ಹಣ್ಣು ಒಡೆಯುವುದು. ಓಡುವ ಬಂಡಿಯನ್ನು ನಿಲ್ಲಿಸುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು. ಬ್ರೇಕಿನ ಒಳಗನ್ನು ಬಿಚ್ಚಿ ನೋಡಿದ ದಿನ ನನ್ನ ನಗು ನಿಂತಿತು. ಚಕ್ರದೊಡನೆ ತಿರುಗುವ ಉಕ್ಕಿನ ಡ್ರಮ್ಮು, ಅದರೊಳಗೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಎರಡು ಅರ್ಧಚಂದ್ರಾಕಾರದ ತುಂಡುಗಳು. ಇವುಗಳಿಗೆ 'ಷೂ' ಎಂದು ಹೆಸರು. ಕಾಲಿನಿಂದ ಪೆಡಲನ್ನು ಒತ್ತಿದಾಗ ಈ ಷೂಗಳು ನಿಜವಾಗಿಯೂ ಬಿರಿಯುತ್ತವೆ. ಅರಳಿ ಡ್ರಮ್ಮಿನ ಒಳಮೈಯನ್ನು ಅಪ್ಪುತ್ತವೆ. ಕಾಲು ತೆಗೆದಾಗ ಮತ್ತೆ ಮೊಗ್ಗಾಗಬೇಕು. ಈ ಮೊಗ್ಗಾಗುವ ಅರ್ಧವನ್ನು ನಾವು ಮರೆಯುತ್ತೇವೆ. ನಮ್ಮ ಆಡುಮಾತನ್ನೇ ನೋಡಿ: 'ಬ್ರೇಕ್ ಹಾಕು' ಎನ್ನುತ್ತೇವೆ, 'ಬ್ರೇಕ್ ಹಿಡಿಯಿತು' ಎನ್ನುತ್ತೇವೆ. ಬಿಟ್ಟಿತೇ ಎಂದು ಕೇಳುವವರು ವಿರಳ.

ಇನ್ನು ಬಂಡಿಯ ವಿಚಾರ. ಅದು 1930ರ ಫೋರ್ಡ್ 'ಎ' ಮಾದರಿ. ಇದಕ್ಕೆ ಮುಂಚಿನ 'ಟಿ' ಮಾದರಿಯನ್ನು ಫೋರ್ಡ್ ಕಂಪೆನಿ 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿಯಷ್ಟು ತಯಾರಿಸಿತು. ಅದರ ಕಾಲಬ್ರೇಕು ಚಕ್ರಗಳನ್ನು ಹಿಡಿಯುತ್ತಿರಲಿಲ್ಲ. ಗೇರುಪೆಟ್ಟಿಗೆಯೊಳಗಿನ ಪಟ್ಟಿಯನ್ನು ಬಿಗಿಯುತ್ತಿತ್ತು. ನಾಲ್ಕು ಚಕ್ರಗಳಿಗೂ ಬ್ರೇಕು ಬಂದದ್ದು 'ಎ' ಮಾದರಿಯಲ್ಲಿ. ಅಷ್ಟರಲ್ಲಾಗಲೇ ಅಮೆರಿಕದ ಬೇರೆ ಕೆಲವರು ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕಿಗೆ ಹೊರಳಿದ್ದರು: 1921ರಲ್ಲಿ ಡ್ಯೂಸೆನ್‌ಬರ್ಗ್, 1924ರಲ್ಲಿ ಕ್ರೈಸ್ಲರ್. ಹೆನ್ರಿ ಫೋರ್ಡ್ ಮಾತ್ರ ಉಕ್ಕಿನ ಸಲಾಕೆಗಳನ್ನೇ ನಂಬಿದ. ಅವನ ಕಾರುಗಳಿಗೆ ಎಣ್ಣೆಯ ಬ್ರೇಕು ಬಂದದ್ದು 1939ರ ಮಾದರಿಗಳಲ್ಲಿ. ಎಣ್ಣೆಯಲ್ಲಿ ಒಂದು ಸಮತೆಯುಂಟು. ಕೊಳವೆಗಳು ನಾಲ್ಕಾದರೂ ಒತ್ತಡ ಒಂದೇ. ಸಲಾಕೆಗಳಿಗೆ ಆ ಗುಣವಿಲ್ಲ. ಒಂದೊಂದು ಸಲಾಕೆಯ ಉದ್ದವನ್ನೂ ಮನುಷ್ಯನೇ ಕೈಯಾರೆ ಹೊಂದಿಸಬೇಕು. ಆ ಕೈಗೆ ವಿವೇಕವಿದ್ದರೆ ಬಂಡಿ ನೆಟ್ಟಗೆ ನಿಲ್ಲುತ್ತದೆ. ಇಲ್ಲದಿದ್ದರೆ ಪಕ್ಕಕ್ಕೆ ಎಳೆಯುತ್ತದೆ.

ನಮ್ಮ ಅಜ್ಜ ತಿಪಟೂರಿನ ಸಮೀಪದ ಹಳ್ಳಿಯವರು, ತೆಂಗಿನ ತೋಟದವರು. ಈ ಬಂಡಿಯನ್ನು ಅವರು 1938ರಲ್ಲಿ ಎರಡನೆಯ ಕೈಯಿಂದ ಕೊಂಡರು. ಕೊಬ್ಬರಿ ಮಂಡಿಗೆ ಹೋಗುವುದು, ಬಾಣಂತಿಯರನ್ನು ಆಸ್ಪತ್ರೆಗೆ ಸೇರಿಸುವುದು, ಮದುವೆಯ ದಿಬ್ಬಣ, ಎಲ್ಲಕ್ಕೂ ಊರಿಗೆ ಅದೊಂದೇ ಮೋಟಾರು. ಮೂವತ್ತು ವರ್ಷ ಅವರೇ ನಡೆಸಿದರು. ಬೇರೆಯವರ ಕೈಗೆ ಕೊಡಲಿಲ್ಲ. 1969ರ ಬೇಸಗೆಯಲ್ಲಿ, ನನಗೆ ಆಗ ಹತ್ತು ವರ್ಷ, ಅವರು ಸೋದರತ್ತೆಯನ್ನೂ ನನ್ನನ್ನೂ ಕೂರಿಸಿಕೊಂಡು ಸಂತೆಯಿಂದ ಬರುತ್ತಿದ್ದರು. ಎದುರಿಗೆ ಒಂದು ಎತ್ತಿನ ಗಾಡಿ. ಅಜ್ಜ ಬ್ರೇಕು ಒತ್ತಿದರು. ಬಂಡಿ ನಿಲ್ಲುವ ಬದಲು ಯಾರೋ ಮೂಗುದಾರ ಹಿಡಿದು ಎಳೆದಂತೆ ಬಲಕ್ಕೆ ಹೊರಳಿತು. ರಸ್ತೆಯನ್ನು ದಾಟಿ ಅರಳಿಕಟ್ಟೆಗೆ ಢಿಕ್ಕಿ ಹೊಡೆಯಿತು. ಕಟ್ಟೆಯ ಮೇಲೆ ಕುಳಿತಿದ್ದವರು ಹಾರಿ ಇಳಿದರು. ಯಾರಿಗೂ ಪೆಟ್ಟಾಗಲಿಲ್ಲ. ರೇಡಿಯೇಟರು ಒಡೆದು ನೀರೆಲ್ಲ ಮಣ್ಣುಪಾಲಾಯಿತು.

ಅಜ್ಜ ಒಂದೇ ಮಾತು ಹೇಳಿದರು: "ಗಾಡಿ ಎಳೀತದೆ ಕಣಯ್ಯಾ. ಎಂಟು ದಿನದಿಂದ ಬಲಕ್ಕೆ ಎಳೀತಾ ಇದೆ." ಮನೆಯಲ್ಲಿ ಯಾರೂ ನಂಬಲಿಲ್ಲ. ಅವರಿಗೆ ಎಪ್ಪತ್ತು ತುಂಬಿತ್ತು. ಕಣ್ಣು ಮಂದವಾಗಿದೆ, ಕೈ ನಡುಗುತ್ತದೆ, ಇನ್ನು ಸಾಕು ಎಂದು ಹಿರಿಯರೆಲ್ಲ ಸೇರಿ ತೀರ್ಮಾನಿಸಿದರು. ನಮ್ಮ ತಂದೆ ಬೀಗದಕೈಯನ್ನು ತೆಗೆದು ಗೋದ್ರೇಜಿನಲ್ಲಿಟ್ಟರು. ಎತ್ತು ಕಟ್ಟಿ ಬಂಡಿಯನ್ನು ಎಳೆಸಿ ತಂದು ಕೊಬ್ಬರಿ ಅಟ್ಟದ ಕೆಳಗಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಅದನ್ನು ಪರೀಕ್ಷಿಸಬೇಕೆಂದು ಒಬ್ಬರಿಗೂ ತೋಚಲಿಲ್ಲ. ಅಜ್ಜ ಮತ್ತೆ ಚಕ್ರ ಮುಟ್ಟಲಿಲ್ಲ; ಆ ವಿಷಯ ಮಾತನಾಡಲೂ ಇಲ್ಲ. 1975ರಲ್ಲಿ ತೀರಿಕೊಂಡರು. ನಾನೂ ಅವರ ಕೈ ನಡುಗಿದ್ದನ್ನು ಕಂಡೆನೆಂದೇ ಎಲ್ಲರಿಗೂ ಹೇಳಿಕೊಂಡು ಬೆಳೆದೆ. ಕಂಡಿದ್ದೆನೋ, ಕೇಳಿ ಕೇಳಿ ಕಂಡಂತಾಗಿತ್ತೋ, ಈಗ ಹೇಳಲಾರೆ.

ನಾನು ನಿವೃತ್ತನಾದ ಮೇಲೆ, 2021ರಲ್ಲಿ, ಆ ಬಂಡಿಯನ್ನು ಲಾರಿಯ ಮೇಲೇರಿಸಿ ಮೈಸೂರಿಗೆ ತರಿಸಿದೆ. ಎಂಜಿನ್ನಿಗೆ ಜೀವ ಬರಿಸುವುದು ನಾವು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ರೇಡಿಯೇಟರನ್ನು ಬೆಸುಗೆ ಹಾಕಿಸಿದ್ದಾಯಿತು, ಟಯರು ಬದಲಾಯಿಸಿದ್ದಾಯಿತು. ಐವತ್ತು ವರ್ಷ ನಿಂತಿದ್ದರಿಂದ ಡ್ರಮ್ಮುಗಳು ತುಕ್ಕಿನಿಂದ ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು, ಸುತ್ತ ಮೆಲ್ಲಗೆ ತಟ್ಟಿ ಬಿಡಿಸಿದರು. ಸಲಾಕೆಗಳ ತಂಟೆಗೆ ಯಾರೂ ಹೋಗಲಿಲ್ಲ. ಒಂದು ಭಾನುವಾರ ಮುಂಜಾನೆ ನಿರ್ಜನವಾದ ಬಡಾವಣೆಯ ರಸ್ತೆಯಲ್ಲಿ ನಡೆಸಿ ನೋಡಿದೆ. ಎಂಜಿನ್ನು ಗುಡ್ಡ ಹತ್ತುವಂತೆ ಏದುಸಿರು ಬಿಡುತ್ತಿತ್ತು. ರಸ್ತೆ ಮಾತ್ರ ಸಮತಟ್ಟು. ಒಂದು ಮೈಲಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಇಳಿದು ಮುಂದಿನ ಬಲಚಕ್ರದ ಗುಂಬವನ್ನು ಮುಟ್ಟಿದೆ. ದೋಸೆಯ ಕಾವಲಿಯನ್ನು ಮುಟ್ಟಿದಂತಾಗಿ ಕೈ ಎಳೆದುಕೊಂಡೆ. ಎಡಚಕ್ರ ತಣ್ಣಗಿತ್ತು. ಅಷ್ಟಾದರೂ, ನಿಲ್ಲಿಸಲು ನೋಡಿದರೆ ಪೆಡಲು ಬಹಳ ಕೆಳಕ್ಕೆ ಹೋಗಿ ಅರೆಮನಸ್ಸಿನಿಂದ ಹಿಡಿಯುತ್ತಿತ್ತು. ಬ್ರೇಕು ಸಡಿಲವಾಗಿದೆ, ಇನ್ನಷ್ಟು ಬಿಗಿ ಮಾಡಿಸಬೇಕು ಎಂದು ನಾನು ನಿಶ್ಚಯಿಸಿದೆ.

ಎಂಬತ್ತು ದಾಟಿದ ಮುದುಕರೊಬ್ಬರು ನಮ್ಮ ಬೀದಿಯ ಕೊನೆಯಲ್ಲಿದ್ದಾರೆ. ಹದಿಮೂರನೆಯ ವಯಸ್ಸಿನಿಂದ ಮೋಟಾರು ಕೆಲಸ ಮಾಡಿದವರು. ಕೈಯಲ್ಲಿ ಸ್ಪಾನರು ಹಿಡಿದು ಬಂಡಿಯ ಕೆಳಗೆ ತೂರಲಿದ್ದ ನನ್ನನ್ನು ಕಂಡು ಹೆಗಲು ಹಿಡಿದು ಎಬ್ಬಿಸಿದರು. "ಏನು ಮಾಡ್ತೀರಿ ಸ್ವಾಮಿ?" "ಬಿಗಿ ಮಾಡುತ್ತೇನೆ" ಎಂದೆ. "ಹಿಡಿಯೋದನ್ನ ಆಮೇಲೆ ನೋಡೋಣ. ಮೊದಲು ಬಿಡ್ತದಾ ನೋಡಿ" ಎಂದರು. ಅಲ್ಲಿಂದ ಹದಿನೈದು ದಿನ ನಾನು ಅವರ ವಿದ್ಯಾರ್ಥಿ.

ಅವರು ಕಲಿಸಿದ ಕ್ರಮವನ್ನು ಹೇಳುತ್ತೇನೆ. ಬಂಡಿಯ ನಡುವೆ ಅಡ್ಡಲಾಗಿ ಒಂದು ಉಕ್ಕಿನ ದಂಡವಿದೆ. ಪೆಡಲು ಒತ್ತಿದಾಗ ಅದು ತುಸು ಹೊರಳಿ, ನಾಲ್ಕು ಚಕ್ರಗಳಿಗೆ ಹೋಗುವ ನಾಲ್ಕು ಸಲಾಕೆಗಳನ್ನು ಎಳೆಯುತ್ತದೆ. ಮುಂಚಕ್ರದಲ್ಲಿ ಸಲಾಕೆಯ ತುದಿ ಒಂದು ಪುಟ್ಟ ತೋಳಿಗೆ ಸೇರಿದೆ. ತೋಳು ಹಿಂದಕ್ಕೆ ಬಾಗಿದಾಗ ಒಂದು ಕಡ್ಡಿಯನ್ನು ಕೆಳಕ್ಕೆ ಒತ್ತುತ್ತದೆ. ಚಕ್ರವು ಎಡಬಲಕ್ಕೆ ಹೊರಳುವ ಕೀಲು ಯಾವುದೋ, ಅದರ ನಟ್ಟನಡುವಿನ ರಂಧ್ರದಲ್ಲೇ ಈ ಕಡ್ಡಿ ಇಳಿಯುತ್ತದೆ. ಆದ್ದರಿಂದ ಚಕ್ರ ಯಾವ ಕಡೆ ತಿರುಗಿದ್ದರೂ ಬ್ರೇಕಿಗೆ ಅಡ್ಡಿಯಿಲ್ಲ. ಈ ಯೋಚನೆ ಮಾಡಿದವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಕಡ್ಡಿ ಕೆಳಗಿಳಿದು ಬೆಣೆಯೊಂದನ್ನು ನೂಕುತ್ತದೆ, ಬೆಣೆ ಷೂಗಳನ್ನು ಅಗಲಿಸುತ್ತದೆ. ಪೆಡಲು ಬಿಟ್ಟಾಗ ಷೂಗಳ ನಡುವಿನ ಸ್ಪ್ರಿಂಗುಗಳು ಅವನ್ನು ಒಳಕ್ಕೆ ಎಳೆದು, ಬೆಣೆಯನ್ನೂ ಕಡ್ಡಿಯನ್ನೂ ತೋಳನ್ನೂ ಹಿಂದಿನ ಸ್ಥಾನಕ್ಕೆ ಕಳಿಸಬೇಕು. ಹಿಡಿಯುವುದಕ್ಕೆ ಮನುಷ್ಯನ ಕಾಲಿನ ಬಲವುಂಟು. ಬಿಡುವುದಕ್ಕೆ ಈ ಬಡ ಸ್ಪ್ರಿಂಗುಗಳಷ್ಟೇ ಗತಿ. ಆದ್ದರಿಂದ ದಾರಿಯಲ್ಲಿ ಎಲ್ಲಿಯಾದರೂ ತುಕ್ಕು, ಒಣಗಿದ ಗ್ರೀಸು, ಸವೆದ ಕೀಲು ಇದ್ದರೆ ಹಿಡಿತ ಬರುತ್ತದೆ, ಬಿಡುಗಡೆ ಬರುವುದಿಲ್ಲ.

ಬಂಡಿಯ ನಾಲ್ಕು ಚಕ್ರಗಳನ್ನೂ ನೆಲದಿಂದೆತ್ತಿ, ಅಚ್ಚುಗಳ ಕೆಳಗೆ ಭದ್ರವಾದ ಆಧಾರಗಳನ್ನು ಕೊಟ್ಟೆವು. ಬರಿಯ ಜಾಕನ್ನು ನಂಬಿ ಕೆಳಗೆ ತೂರಬಾರದೆಂಬುದು ಮುದುಕರ ಮೊದಲ ಕಟ್ಟಪ್ಪಣೆ. ಕೈಬ್ರೇಕನ್ನು ಪೂರ್ತಿ ಬಿಟ್ಟು ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿದೆವು. ಮೂರು ಸಲೀಸಾಗಿ ತಿರುಗಿದವು. ಮುಂದಿನ ಬಲಚಕ್ರ ಗರಗರ ಎಂದು ಅರ್ಧ ಸುತ್ತಿಗೇ ನಿಂತಿತು. "ಈಗ ಸಲಾಕೆ ಬಿಚ್ಚಿ" ಎಂದರು. ತೋಳಿಗೂ ಸಲಾಕೆಗೂ ನಡುವಣ ಪಿನ್ನನ್ನು ತೆಗೆಯುವುದು. ಆಗ ಚಕ್ರ ಸಡಿಲವಾದರೆ ದೋಷ ಹೊರಗಿನದು, ಸಲಾಕೆಯದು. ಆಗದಿದ್ದರೆ ದೋಷ ಒಳಗಿನದು, ಡ್ರಮ್ಮಿನದು. ಎಷ್ಟು ಸರಳವಾದ ತರ್ಕ! ಪಾಠಾಂತರಗಳನ್ನು ಹೋಲಿಸಿ ದೋಷ ಎಲ್ಲಿ ನುಸುಳಿತೆಂದು ಹುಡುಕುವ ಸಂಪಾದಕನೂ ಇಷ್ಟೇ ಮಾಡುವುದು. ಪಿನ್ನು ತುಕ್ಕು ಹಿಡಿದು ಕೂತಿತ್ತು; ಎರಡು ದಿನ ಎಣ್ಣೆ ಕುಡಿಸಿದ ಮೇಲೆ ಬಂದಿತು. ಅದು ಹೊರಬಂದ ಕ್ಷಣ ಚಟ್ಟೆಂದು ಸಲಾಕೆ ಹಿಂದಕ್ಕೆ ಸರಿಯಿತು, ತೋಳು ಮುಂದಕ್ಕೆ ಚಿಮ್ಮಿತು. ಚಕ್ರ ಸುಮ್ಮನೆ ತಿರುಗಿತು.

ಮುದುಕರು ಆ ಸಲಾಕೆಯನ್ನು ಬಿಚ್ಚಿ, ಎಡಗಡೆಯದನ್ನೂ ಬಿಚ್ಚಿ, ಎರಡನ್ನೂ ಜಗಲಿಯ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಬಲಗಡೆಯದು ಗಿಡ್ಡವಾಗಿತ್ತು. ತುದಿಯ ಕವಲುಕೊಂಡಿಯನ್ನು ಎಡಗಡೆಯದಕ್ಕಿಂತ ಐದು ಸುತ್ತು ಹೆಚ್ಚಾಗಿ ತಿರುಪಿ ಬಿಗಿದಿದ್ದರು. ಅದರ ಮೇಲೆ ದಶಕಗಳ ಎಣ್ಣೆ ಮತ್ತು ಧೂಳು ಸೇರಿ ಗಟ್ಟಿಯಾದ ಕರಿಯ ಹೊಪ್ಪಳೆ ಒಡೆಯದೆ ಹಾಗೆಯೇ ಇತ್ತು. ಡ್ರಮ್ಮು ತೆಗೆದೆವು. ಬಲಗಡೆಯ ಷೂಗಳ ಲೈನಿಂಗು ಸುಟ್ಟು, ಕರಿಯ ಗಾಜಿನಂತೆ ನುಣುಪಾಗಿ, ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಎಡಗಡೆಯದು ದಪ್ಪವಾಗಿ ಚೆನ್ನಾಗಿಯೇ ಇತ್ತು. ಮುದುಕರು ಹಳೆಯ ಅಭ್ಯಾಸದಂತೆ ಧೂಳನ್ನು ಬಾಯಿಂದ ಊದಲು ಹೋದರು, ನಾನು ತಡೆದೆ. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಮೂಗು ಬಾಯಿ ಮುಚ್ಚಿಕೊಂಡು ಒದ್ದೆಬಟ್ಟೆಯಿಂದ ಒರೆಸಿ ತೆಗೆದೆವು. ಗುರುವಿಗೆ ನಾನು ಹೇಳಿಕೊಟ್ಟದ್ದು ಅದೊಂದೇ.

ಕೈ ತೊಳೆದು ಬಂದು ಜಗಲಿಯ ಮೇಲಿನ ಆ ಎರಡು ಸಲಾಕೆಗಳನ್ನು ನೋಡುತ್ತ ಕುಳಿತಾಗ ನನಗೆ ಅರಿವಾಯಿತು. ತುಕ್ಕು ಐವತ್ತು ವರ್ಷಗಳಲ್ಲಿ ಬಂದದ್ದಿರಬಹುದು. ಆದರೆ ತುಕ್ಕು ಸಲಾಕೆಯನ್ನು ಐದು ಸುತ್ತು ತಿರುಪುವುದಿಲ್ಲ. ನಾನು ನಡೆಸಿದ ಒಂದು ಮೈಲಿಯಲ್ಲಿ ಲೈನಿಂಗು ಆ ಪರಿ ಸುಟ್ಟು ಬಿರುಕು ಬಿಡುವುದಿಲ್ಲ. ನಿಂತ ಬಂಡಿಯಲ್ಲಂತೂ ಅದು ಸುಡುವುದೇ ಇಲ್ಲ. 1969ಕ್ಕೆ ಮುಂಚೆಯೇ ಯಾರೋ, ಪೆಡಲು ಕೆಳಕ್ಕೆ ಹೋಗುತ್ತದೆಂದು, ಕೈಗೆ ಸುಲಭವಾಗಿ ಸಿಕ್ಕಿದ ಬಲಗಡೆಯ ಸಲಾಕೆಯೊಂದನ್ನೇ ಬಿಗಿದಿದ್ದರು. ಬ್ರೇಕು ಒತ್ತಿದೊಡನೆ ಎಡಚಕ್ರ ಯೋಚಿಸುವುದರೊಳಗೆ ಬಲಚಕ್ರ ಹಿಡಿದಿತ್ತು. ಬಂಡಿ ಬಲಕ್ಕೆ ಹೊರಳಿತು. ಅಜ್ಜನ ಕೈ ನಡುಗಿರಲಿಲ್ಲ, ಕಣ್ಣು ಮಂದವಾಗಿರಲಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜ: ಗಾಡಿ ಎಳೆಯುತ್ತಿತ್ತು. ಆ ಸಲಾಕೆಯನ್ನು ಬಿಗಿದವರು ಯಾವ ಮೇಸ್ತ್ರಿಯೋ, ಅಥವಾ ಅಜ್ಜನೇ ಇದ್ದರೂ ಇರಬಹುದು. ಈಗ ಕೇಳುವಂತಿಲ್ಲ. ಆದರೆ ಅಂದು ಒಂದು ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ನೋಡುವಷ್ಟು ವ್ಯವಧಾನ ನಮಗೆ ಯಾರಿಗಾದರೂ ಇದ್ದಿದ್ದರೆ, ಒಬ್ಬ ಮರ್ಯಾದಸ್ಥ ಮನುಷ್ಯ ಕೊನೆಯ ಆರು ವರ್ಷ ತಪ್ಪಿತಸ್ಥನಂತೆ ತಲೆತಗ್ಗಿಸಿ ಜಗಲಿಯ ಮೇಲೆ ಕೂರಬೇಕಾಗಿರಲಿಲ್ಲ.

ಸಲಾಕೆಯನ್ನು ಬಿಗಿದರೆ ತಪ್ಪೇನು ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಬಿಗಿದಾಗ ತೋಳು ವಿಶ್ರಾಂತಿಯ ಸ್ಥಾನಕ್ಕೆ ಬರುವುದೇ ಇಲ್ಲ. ಷೂ ಸದಾ ಡ್ರಮ್ಮನ್ನು ಉಜ್ಜುತ್ತಿರುತ್ತದೆ. ಶಾಖದಿಂದ ಲೈನಿಂಗು ಗಾಜುಗಟ್ಟುತ್ತದೆ, ಗುಂಬದ ಗ್ರೀಸು ಕರಗುತ್ತದೆ. ಅದಕ್ಕಿಂತ ಸ್ವಾರಸ್ಯವಾದದ್ದು ಇನ್ನೊಂದುಂಟು. ಬ್ರೇಕು ಬಿಟ್ಟಿರುವಾಗ ಈ ತೋಳು ತುಸು ಮುಂದಕ್ಕೆ ವಾಲಿರಬೇಕು. ಆಗ ಎಳೆದಾಗ ನೆಟ್ಟಗಾಗಿ ಸನ್ನೆಯ ಪೂರ್ಣಬಲ ಸಿಗುತ್ತದೆ. ಸಲಾಕೆಯನ್ನು ಗಿಡ್ಡ ಮಾಡಿ ತೋಳನ್ನು ಮೊದಲೇ ಹಿಂದಕ್ಕೆ ಎಳೆದಿಟ್ಟರೆ, ಬಲ ಬೇಕಾದ ವೇಳೆಗೆ ಅದರ ಓಟ ಮುಗಿದಿರುತ್ತದೆ. ಎಂದರೆ ಸದಾ ಬಿಗಿಯಾಗಿರುವ ಬ್ರೇಕು ಬೇಕಾದಾಗ ಹಿಡಿಯುವುದೂ ಇಲ್ಲ! ಲೈನಿಂಗು ಸವೆದಷ್ಟನ್ನು ಸರಿದೂಗಿಸಲು ಚಕ್ರದ ಬಳಿಯಲ್ಲೇ ಬೇರೆ ಬೆಣೆಯೊಂದನ್ನು ಇಟ್ಟಿದ್ದಾರೆ; ಹೊರಗಿನಿಂದಲೇ ತಿರುಗಿಸಬಹುದು, ಟಿಕ್ ಟಿಕ್ ಎಂದು ಎಣಿಕೆಗೆ ಸಿಗುತ್ತದೆ. ಸವೆತವನ್ನು ಅಲ್ಲಿ ತುಂಬಬೇಕೇ ಹೊರತು ಸಲಾಕೆಯಲ್ಲಲ್ಲ.

ಪರಿಹಾರ ದೀರ್ಘವಾದರೂ ಕಠಿಣವಲ್ಲ. ಅಡ್ಡದಂಡದ ಸವೆದ ಬುಷ್‌ಗಳನ್ನು ಬದಲಾಯಿಸಿದೆವು. ಕೊಂಡಿಗಳ ದುಂಡು ರಂಧ್ರಗಳು ಸವೆದು ಮೊಟ್ಟೆಯಾಕಾರವಾಗಿದ್ದವು. ಅವನ್ನು ತುಂಬಿಸಿ ಮತ್ತೆ ಕೊರೆಸಿ ಹೊಸ ಪಿನ್ನು ಹಾಕಿದೆವು. ಒಂದೊಂದು ಕೀಲಿನಲ್ಲಿ ಎಳ್ಳಷ್ಟು ಸಡಿಲವಿದ್ದರೆ ಪೆಡಲಿನಲ್ಲಿ ಅದು ಗೇಣುದ್ದವಾಗುತ್ತದೆ. ಪೆಡಲು ಕೆಳಕ್ಕೆ ಹೋಗುತ್ತಿದ್ದುದರ ನಿಜವಾದ ಕಾರಣ ಇದು. ಕಡ್ಡಿಗಳನ್ನು ಉಜ್ಜಿ ಎಣ್ಣೆ ಹಚ್ಚಿದೆವು. ಹೊಸ ಸ್ಪ್ರಿಂಗು, ಕಲ್ನಾರಿಲ್ಲದ ಹೊಸ ಲೈನಿಂಗು. ಹನ್ನೊಂದು ಅಂಗುಲದ ಡ್ರಮ್ಮುಗಳನ್ನು ಲೇತಿನ ಮೇಲೆ ದುಂಡಗೆ ಮಾಡಿಸಿದೆವು. ಕೊನೆಗೆ ಸಲಾಕೆಯ ಉದ್ದ. ಪೆಡಲು ಪೂರ್ತಿ ಬಿಟ್ಟಿರಬೇಕು. ತೋಳನ್ನು ಬೆರಳಿನಿಂದ, ಸಡಿಲು ಮುಗಿಯುವವರೆಗೆ ಮಾತ್ರ, ಹಿಂದಕ್ಕೆ ತರಬೇಕು. ಆಗ ಪಿನ್ನು ಒತ್ತದೆ, ಬಡಿಯದೆ, ತಾನಾಗಿ ರಂಧ್ರಕ್ಕೆ ಜಾರಬೇಕು. ಅಷ್ಟು ಉದ್ದವೇ ಸರಿಯಾದ ಉದ್ದ. "ಪಿನ್ನು ಬಡಿದು ಕೂರಿಸಬೇಕಾಯ್ತು ಅಂದ್ರೆ ತಪ್ಪಾಯ್ತು ಅಂತ ತಿಳೀರಿ" ಎಂದರು ಮುದುಕರು.

ಆಮೇಲೆ ಪರೀಕ್ಷೆ. ಮೂರು ಮೆಟ್ಟಿಲು ಕಡಿದ ಹಲಗೆಯನ್ನು ಪೆಡಲಿಗೂ ಸೀಟಿಗೂ ನಡುವೆ ಆನಿಸಿದರು. ಮೊದಲ ಮೆಟ್ಟಿಲಿನಲ್ಲಿ ಹಿಂಚಕ್ರಗಳು ಮಾತ್ರ ಸ್ವಲ್ಪ ಉಜ್ಜಬೇಕು, ಮುಂಚಕ್ರಗಳು ಸ್ವತಂತ್ರ. ಎರಡನೆಯದರಲ್ಲಿ ಹಿಂದಿನವು ಬಿಗಿಯಾಗಿ ಮುಂದಿನವು ಉಜ್ಜಲು ತೊಡಗಬೇಕು. ಮೂರನೆಯದರಲ್ಲಿ ಹಿಂದಿನವು ನಿಂತು, ಮುಂದಿನವು ಬಲವಂತಕ್ಕೆ ಮಾತ್ರ ತಿರುಗಬೇಕು. ಮುಂಚಕ್ರ ಮೊದಲೇ ನಿಂತರೆ ದಿಕ್ಕು ತಪ್ಪುತ್ತದೆ. ಆದ್ದರಿಂದ ಆ ಬಂಡಿಗೆ ಈ ಕ್ರಮ. ಪ್ರತಿ ಮೆಟ್ಟಿಲಿನಲ್ಲೂ ಎಡಬಲ ಸಮವಾಗಿರಬೇಕು. ಎಲ್ಲ ಮುಗಿದ ಮೇಲೆ ಹಲಗೆ ತೆಗೆದು ನಾಲ್ಕನ್ನೂ ಮತ್ತೆ ತಿರುಗಿಸಿದರು. ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು ಎಂದರು. ನಾಲ್ಕೂ ಸದ್ದಿಲ್ಲದೆ ತಿರುಗಿದವು.

ನಾನು ಅಧ್ಯಾಪಕನಾಗಿ ಬಿಗಿಯಾದವನೆಂದು ಹೆಸರಾಗಿದ್ದೆ. ಹುಡುಗರು ಸಡಿಲವಾದರೆಂದು ಕಂಡಾಗಲೆಲ್ಲ, ಕೈಗೆ ಸುಲಭವಾಗಿ ಸಿಕ್ಕ ಒಬ್ಬನನ್ನೇ ಇನ್ನೊಂದು ಸುತ್ತು ತಿರುಪುತ್ತಿದ್ದೆ. ಆ ಒಬ್ಬ ಸದಾ ಉಜ್ಜಿಕೊಂಡು ಸುಡುತ್ತಿದ್ದನೇನೋ, ಮುಟ್ಟಿ ನೋಡಲಿಲ್ಲ. ಮನೆಯಲ್ಲಿಯೂ ಹೀಗೆಯೇ ನಡೆದಿರಬಹುದು. ಇದನ್ನು ಹೆಚ್ಚು ಬೆಳೆಸುವುದಿಲ್ಲ. ನಿಮಗೆ ನಿಮ್ಮ ನಿಮ್ಮ ಸಲಾಕೆಗಳು ನೆನಪಾದರೆ ಸಾಕು.

ಅಂದು ಬಂಡಿಯಲ್ಲಿದ್ದ ಸೋದರತ್ತೆಗೆ ಈಗ ಎಂಬತ್ತಾರು. ಎರಡು ಸಲಾಕೆಗಳನ್ನೂ ಅವರ ಮನೆಗೆ ಒಯ್ದು ಮುಂದಿಟ್ಟು ಎಲ್ಲವನ್ನೂ ವಿವರಿಸಿದೆ. ಯಂತ್ರದ ಮಾತು ಅವರಿಗೆ ಎಷ್ಟು ತಿಳಿಯಿತೋ ಕಾಣೆ. ಗಿಡ್ಡ ಸಲಾಕೆಯ ಮೇಲೆ ಬೆರಳಾಡಿಸಿದರು. "ಅಪ್ಪ ಹೇಳಿದ್ರು" ಎಂದರು. ಬಹಳ ಹೊತ್ತಿನ ಮೇಲೆ, "ನಾನೂ ಅವರ ಪರವಾಗಿ ಒಂದು ಮಾತು ಆಡಲಿಲ್ಲ" ಎಂದರು. ಮರುವಾರ ಅವರನ್ನು ಆ ಬಂಡಿಯಲ್ಲಿ ಕೂರಿಸಿಕೊಂಡು ಹೋದೆ. ಒಂದು ತಿರುವಿನಲ್ಲಿ ಹಸುವೊಂದು ಅಡ್ಡ ಬಂದಿತು. ಬ್ರೇಕು ಒತ್ತಿದೆ, ಬಂಡಿ ಅತ್ತಿತ್ತ ಹೊರಳದೆ ನೆಟ್ಟಗೆ ನಿಂತಿತು. ಹಸು ದಾಟಿತು. ಕಾಲು ತೆಗೆದೆ, ಬಂಡಿ ತಾನಾಗಿ, ಹಗುರವಾಗಿ, ಮುಂದಕ್ಕೆ ಉರುಳಿತು. ಮನೆಗೆ ಬಂದು ಇಳಿದಾಗ ನಾಲ್ಕು ಗುಂಬಗಳನ್ನೂ ಮುಟ್ಟಿ ನೋಡಿದೆ. ನಾಲ್ಕೂ ಒಂದೇ ಸಮನಾಗಿ ಬೆಚ್ಚಗಿದ್ದವು.